ರಸ್ತೆ ಬದಿ ಹೆಬ್ಬೆರಳು ಎತ್ತಿ ಗಾಡಿ ಹತ್ತುವುದಕ್ಕೆ ‘ಡ್ರಾಪ್’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ತುಲೂಸಿನಿಂದ ಮೆಡಿಟರೇನಿಯನ್ ಕಡಲಿನ ಕಡೆಗೆ ಹೋದ ತಿರುಗಾಟದ ಬಗ್ಗೆ ಬರೆಯುತ್ತಿದ್ದೇನೆ. ದಾರಿ ‘ಕನಾಲ್ ದ್ಯು ಮಿದಿ’ ಪಕ್ಕದ್ದು. 1666ರಿಂದ 1681ರವರೆಗೆ ತೋಡಿದ 240 ಕಿಲೋಮೀಟರ್ ಉದ್ದದ ಕಾಲುವೆ ಅದು. ಕೈಯಲ್ಲಿ ದುಡ್ಡು ಕಡಿಮೆ. ಹಾಗಾಗಿ ಒಂದಷ್ಟು ದೂರ ಸೈಕಲ್, ಒಂದಷ್ಟು ದೂರ ಯಾರ್ಯಾರದೋ ಕಾರು. ತುಳಿಯುವಾಗ ಆಗದ ಸುಸ್ತು ಬರೆಯಲು ಕೂತಾಗ ಆಗುತ್ತಿದೆ, ತಕ್ಕ ಕನ್ನಡ ಪದಗಳು ಸಿಗದೆ.

ಮುಖ್ಯ ತೊಡಕು ಹಿಚ್‌ಹೈಕಿಂಗಿನದು, ಅಂದರೆ ದಾರಿಯಲ್ಲಿ ಹೋಗುವ ಗಾಡಿ ನಿಲ್ಲಿಸಿ ಕಾಸು ಕೊಡದೆ ಹತ್ತಿ ಹೋಗುವುದು. ನಾವು ‘ಡ್ರಾಪ್ ಕೇಳಿದೆ’, ‘ಲಿಫ್ಟ್ ಸಿಕ್ತು’ ಅನ್ನುತ್ತೇವೆ. ಆದರೆ ನಮ್ಮ ಡ್ರಾಪ್ ಆ ಹೊತ್ತಿನ ಒಂದು ಉಪಕಾರ. ‘ಸರ್ಕಲ್ ತನಕ ಡ್ರಾಪ್ ಕೊಡಿ ಸರ್’ ಅಂದರೆ ಮುಗೀತು. ‘ಮೂರು ದಿನ ಡ್ರಾಪ್‌ನಲ್ಲಿ ಊರೂರು ಸುತ್ತಿದೆ’ ಅಂತ ಬರೆದರೆ ಓದಲು ವಿಚಿತ್ರ, ಅಲ್ವಾ? ‘ಲಾರಿ ಹತ್ತಿ ಬಂದೆ’ ಅನ್ನೋಣ ಅಂದರೆ, ನಮ್ಮಲ್ಲಿ ಲಾರಿಯವರಿಗೆ ಎಷ್ಟೋ ಸಲ ಕಾಸು ಕೊಡಬೇಕು. ಅಲ್ಲಿ ಹಾಗಿಲ್ಲ. ಪೆಟ್ರೋಲ್ ಖರ್ಚು ಹಂಚಿಕೊಂಡು ಹೋಗುವುದಕ್ಕೆ ಅವರಲ್ಲಿ ‘ಕೊವಾತ್ಯುರಾಜ್’ ಅಂತ ಬೇರೆಯದೇ ಪದ ಇದೆ.

ಫ್ರೆಂಚರು ‘ಫೇರ್ ದ್ಯು ಸ್ಟಾಪ್’ ಅನ್ನುತ್ತಾರೆ, ಅಂದರೆ ‘ಸ್ಟಾಪ್ ಮಾಡುವುದು’. ಪೂರ್ತಿ ಹೆಸರು ‘ಓಟೊ-ಸ್ಟಾಪ್’. ಪದ ಇಂಗ್ಲಿಷಿನದು, ಆದರೆ ಇಂಗ್ಲಿಷಿನವರೇ ಈ ಅರ್ಥದಲ್ಲಿ ಅದನ್ನು ಬಳಸುವುದಿಲ್ಲ! ನಾವು ‘ಡ್ರಾಪ್’ಗೆ ಮಾಡಿದ ಹಾಗೇ. ಇದನ್ನೇ ಕನ್ನಡಕ್ಕೆ ತಂದು ‘ಆಟೋಸ್ಟಾಪ್’ ಅಂತ ಬರೆದರೆ ಬೆಂಗಳೂರಿನ ಓದುಗರು ಆಟೋ ಸ್ಟ್ಯಾಂಡ್ ಹುಡುಕಿಕೊಂಡು ಹೋದಾರು.

ಗೆಳೆಯರೊಬ್ಬರು ‘ಹೆಬ್ಬೆಟ್ಟು ಪಯಣ’ ಅಂತ ಸೂಚಿಸಿದರು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ‘ರೆಝೋ ಪೂಸ್’ ಅಂತ ಒಂದು ಏರ್ಪಾಡಿದೆ, ಅಂದರೆ ಹೆಬ್ಬೆರಳಿನ ಜಾಲ. ಹೆಬ್ಬೆರಳು ಎತ್ತಿ ನಿಲ್ಲಲು ಜಾಗ ಗೊತ್ತುಮಾಡಿ ಬೋರ್ಡ್ ಹಾಕಿರುತ್ತಾರೆ. ಹಾಗಾಗಿ ಸೂಚನೆ ತಪ್ಪೇನಲ್ಲ. ಆದರೆ ನಮ್ಮಲ್ಲಿ ಹೆಬ್ಬೆಟ್ಟು ಅಂದರೆ ಓದು ಬರಹ ಬಾರದವರು ಅಂತ ತಾನೇ? ಓದು ಬಾರದೆ ಹೋಗಿದ್ದರೆ ರಟ್ಟಿನ ತುಂಡಿನ ಮೇಲೆ ಮುಂದಿನ ಊರಿನ ಹೆಸರು ಹೇಗೆ ಬರೆಯುತ್ತಿದ್ದೆ!

ನನಗೆ ಹಿಡಿಸಿರುವುದು ‘ಕೈ ಮಾಡು’. ಬಸ್ಸಿಗೆ ಕೈ ಮಾಡಿ ನಿಲ್ಲಿಸುವುದು ಗೊತ್ತೇ ಇದೆ. ‘ಗಾಡಿಗೆ ಕೈ ಮಾಡಿಕೊಂಡು ಕಾರ್ಕಾಸೊನ್ ತನಕ ಹೋದೆ’ ಅಂದರೆ ಕನ್ನಡ ಕನ್ನಡವಾಗಿಯೇ ಇರುತ್ತದೆ. ಒಂದೇ ಭಯ. ‘ಗಾಡಿಗೆ’ ಕೈ ಮಾಡಿದರೆ ಸರಿ, ‘ಗಾಡಿಯವನ ಮೇಲೆ’ ಕೈ ಮಾಡಿದರೆ ಹೊಡೆದ ಹಾಗೆ. ವಿಭಕ್ತಿ ತಪ್ಪಿದರೆ ಪೊಲೀಸ್ ಕೇಸು. ಇದಕ್ಕೊಂದು ನಾಮಪದ ಬೇಕಲ್ಲ, ಅಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಕೈಮಾಡಿಕೆ’ ಸುಮ್ನೆ ಹೊಸೆದ ಹಾಗಿದೆ.

‘ಹತ್ತು’ ಅನ್ನುವುದಕ್ಕೆ ಮಾತ್ರ ಪದದ ತೊಂದರೆಯೇ ಇಲ್ಲ. ‘ಪೋರ್-ಲೋರಾಗೆ’ ಅನ್ನುವ ದೋಣಿ ನಿಲ್ದಾಣ ದಾಟಿದ ಮೇಲೆ ಟಾರು ಮುಗಿದು ಮಣ್ಣು ದಾರಿ. ಅಲ್ಲಿ ಮರದ ಬೇರಿಗೆ ಬಡಿದು ನನ್ನ ಚಕ್ರ ಸೊಟ್ಟಗಾಯಿತು. ಸೈಕಲ್ ಜೊತೆಗೆ ಸ್ಟಾಪ್ ಮಾಡುವುದು ಅಂದರೆ ನಗೆಪಾಟಲು. ದೊಡ್ಡ ಹೆದ್ದಾರಿಯಲ್ಲಿ ನಡೆದು ಹೋಗುವವರು ನಿಲ್ಲುವ ಹಾಗೇ ಇಲ್ಲ, ಟೋಲ್ ಗೇಟಿಗಿಂತ ಮೊದಲೇ ನಿಲ್ಲಬೇಕು. ಸಣ್ಣ ರಸ್ತೆಯೇ ವಾಸಿ. ಕೊನೆಗೆ ವ್ಯಾನಿನ ಅಜ್ಜ ಒಬ್ಬರು ನಿಲ್ಲಿಸಿ ‘ಮೋಂತೆ!’ ಅಂದರು. ಆ ಪದಕ್ಕೆ ಬೆಟ್ಟ ಹತ್ತುವುದೂ ಅರ್ಥ, ಗಾಡಿ ಹತ್ತುವುದೂ ಅರ್ಥ. ಅಚ್ಚುಕಟ್ಟಾಗಿ ನಮ್ಮ ‘ಹತ್ತಿ!’. ಅದೂ ಬಹುವಚನದಲ್ಲಿ, ಮಣ್ಣು ಮೆತ್ತಿಕೊಂಡಿದ್ದ ನನಗೆ.

ಇನ್ನೊಂದು ಪದ ‘ಶಮಾಂ ದ ಅಲಾಜ್’. ಹಿಂದೆ ಕುದುರೆಗಳು ಕಾಲುವೆಯ ದಡದಲ್ಲಿ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿದ್ದ ದಾರಿ. ‘ಎಳೆದಾರಿ’ ಅಂತ ಬರೆದೆ, ತಂಗಿ ಓದಿ ‘ಎಳೇ ದಾರಿ ಅಂದರೆ ಏನೋ?’ ಅಂದಳು. ಮಂಡ್ಯದ ಕಡೆ ‘ನಾಲೆ ಏರಿ’ ಅನ್ನುವುದು ನೆನಪಾಯಿತು. ಹಗ್ಗದ ಕತೆ ಒಂದು ಸಲ ಹೇಳಿ, ಆಮೇಲೆ ಬರೀ ‘ಏರಿ’ ಅನ್ನಲೇ? ಆಗ ಇನ್ನೊಂದು ಪೇಚು. ನೋಡಲು ಸಪಾಟು, ತುಳಿದರೆ ಏರು, ಅಂಥ ರಸ್ತೆಗೆ ಫ್ರೆಂಚರು ‘ಫೋ ಪ್ಲಾ’, ಅಂದರೆ ಸುಳ್ಳು ಸಪಾಟು ಅನ್ನುತ್ತಾರೆ. ಅದಕ್ಕೆ ನಾನು ‘ಕಳ್ಳ ಏರು’ ಅಂತ ಇಟ್ಟುಕೊಂಡಿದ್ದೆ. ಏರಿ, ಏರು ಅಕ್ಕಪಕ್ಕ ಬಂದರೆ ಗೊಂದಲ ಆಗುತ್ತಾ?

ಊರಿನ ಆಡಳಿತವೇ ನಡೆಸುವ ಅಗ್ಗದ ಡೇರೆ ಜಾಗಕ್ಕೆ ‘ಪಂಚಾಯಿತಿ ಕ್ಯಾಂಪಿಂಗ್’ ಅಂತ ಬರೆದು ಮುಂದೆ ಹೋಗಿದ್ದೇನೆ. ಅದರಲ್ಲಿ ಜಗಳ ಬೇಡ.

ನಿಮ್ಮ ಕಡೆ ಗಾಡಿಗೆ ‘ಕೈ ಮಾಡು’ ಅನ್ನುತ್ತಾರಾ, ‘ಕೈ ಅಡ್ಡ ಹಾಕು’ ಅನ್ನುತ್ತಾರಾ, ಅಥವಾ ಬೇರೆ ಏನಾದರೂ ಇದೆಯಾ? ಯಾವ ಊರಿನ ಮಾತು ಅನ್ನುವುದನ್ನೂ ಜೊತೆಗೆ ಬರೆಯಿರಿ.