ಟ್ಯಾಬ್ ಕಂಪ್ಲೀಷನ್: ಪೂರ್ಣಗೊಳಿಕೆಯೋ, ಪೂರಣವೋ?

ಮಾನ್ಯರೇ,

ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಬರೆದು ಕೆಲಸ ಮಾಡಿಸುವ ಪಠ್ಯಕಿಂಡಿಯಲ್ಲಿ, ಓಡುವ ಇರ್ಸಿ ಮತ್ತು ವೀಚಾಟ್ ಎಂಬ ಹರಟೆ ತಂತ್ರಾಂಶಗಳಿಗೆ ಕನ್ನಡದಲ್ಲಿ ಸಹಾಯಪುಟ ಬರೆಯುತ್ತಿದ್ದೇನೆ. ಹೆಸರಿನ ಮೊದಲಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ತಂತ್ರಾಂಶವೇ ಬರೆದುಕೊಡುವ ಸೌಲಭ್ಯವನ್ನು ‘ಪೂರ್ಣಗೊಳಿಕೆ’ ಎಂದು ಕರೆದಿದ್ದೆ. ಆದರೆ ಕರಡು ಓದಿದ ಗೆಳೆಯರೊಬ್ಬರು “ಟ್ಯಾಬ್ ಒತ್ತಿದರೆ ಹೆಸರು ಪೂರ್ಣವಾಗುತ್ತಿಲ್ಲ” ಎಂದು ದೂರಿದಾಗ, ತೊಂದರೆ ಎಲ್ಲಿದೆಯೆಂದು ಆ ಮಾತಿನಿಂದ ನನಗೆ ತಿಳಿಯಲೇ ಇಲ್ಲ.

ಆ ದೂರಿಗೆ ಮೂರು ಅರ್ಥಗಳಿರಬಹುದು. ಒತ್ತಿದಾಗ ಏನೂ ಆಗದಿದ್ದರೆ, ಇರ್ಸಿಯಲ್ಲಿ ಯಾವ ಕೀಲಿಗೆ ಯಾವ ಕೆಲಸವೆಂದು ತೋರಿಸುವ ಬೈಂಡ್ ಆದೇಶ ಕೊಟ್ಟು, ಟ್ಯಾಬ್ ಕೀಲಿಗೆ ಆ ಕೆಲಸವನ್ನು ವಹಿಸಲಾಗಿದೆಯೇ ಎಂದು ನೋಡಬೇಕು. ಬೇರೆಯದೇ ಹೆಸರು ಬಂದರೆ, ಇರ್ಸಿಗೆ ನಾವೇ ಸೇರಿಸಿಕೊಂಡ ಪರ್ಲ್ ಸ್ಕ್ರಿಪ್ಟ್‌ಗಳ (ಪರ್ಲ್ ಭಾಷೆಯ ಕಿರು ಪ್ರೋಗ್ರಾಮ್‌ಗಳ) ಮೇಲೆ ಅನುಮಾನ ಪಡಬೇಕು. ಹೊಂದುವ ಹೆಸರುಗಳ ಪಟ್ಟಿಯನ್ನು ಅವು ಬದಲಿಸಬಲ್ಲವಾದ್ದರಿಂದ ಒಂದೊಂದನ್ನೇ ತೆಗೆದು ನೋಡುವುದು ದಾರಿ. ಗೆಳೆಯರಿಗೆ ಆಗುತ್ತಿದ್ದದ್ದು ಮೂರನೆಯದು, ಹೆಸರು ಅರ್ಧಕ್ಕೆ ನಿಲ್ಲುವುದು. ಅವರ ವೀಚಾಟ್‌ನಲ್ಲಿ ರವಿಕುಮಾರ, ರವಿತೇಜ ಎಂಬ ಇಬ್ಬರಿದ್ದರು. ‘ರ’ ಬರೆದು ಟ್ಯಾಬ್ ಒತ್ತಿದರೆ, ಇಬ್ಬರಿಗೂ ಸಮಾನವಾದ ‘ರವಿ’ಯವರೆಗೆ ಬಂದು ನಿಲ್ಲುತ್ತಿತ್ತು. ಇದು ದೋಷವಲ್ಲ, ಪಾರ್ಷಿಯಲ್ ಕಂಪ್ಲೀಷನ್ ಎಂಬ ಆಯ್ಕೆ. ಮೊದಲಿಗೆ ಆಫ್ ಆಗಿಯೇ ಇರುವ ಅದನ್ನು ಅವರು ಎಂದೋ ಆನ್ ಮಾಡಿದ್ದರು.

ಇದನ್ನು ‘ಭಾಗಶಃ ಪೂರ್ಣಗೊಳಿಕೆ’ ಎನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಅರ್ಧಕ್ಕೆ ನಿಂತದ್ದು ಪೂರ್ಣ ಹೇಗಾದೀತು? ‘ಪೂರ್ಣ’ವೆಂಬುದು ತುಂಬಿ ಮುಗಿದ ಸ್ಥಿತಿ, ‘ಪೂರಣ’ವೆಂಬುದು ತುಂಬುವ ಕೆಲಸ, ಅದು ನಡುವೆ ನಿಲ್ಲಬಹುದು. ಹೋಳಿಗೆಯ ಹೂರಣವೂ ಇದೇ ಪದದ ತದ್ಭವ. ಅವಧಾನದ ಸಮಸ್ಯಾಪೂರಣದಲ್ಲಿ ಪೃಚ್ಛಕರು ಒಂದು ಸಾಲು ಕೊಟ್ಟರೆ ಅವಧಾನಿಗಳು ಉಳಿದ ಸಾಲುಗಳನ್ನು ಕಟ್ಟಿಕೊಡುತ್ತಾರೆ. ಕೊಟ್ಟ ತುಣುಕಿಗೂ ತುಂಬಿದ ಭಾಗಕ್ಕೂ ಇರುವ ಸಂಬಂಧ ಇಲ್ಲಿಯೂ ಅಂಥದ್ದೇ. ಹಾಗಾಗಿ ‘ಪದಪೂರಣ’, ‘ಭಾಗಪೂರಣ’ ಎಂದು ಬಳಸುವ ಯೋಚನೆಯಿದೆ. ಕ್ರಿಯಾಪದವಾಗಿ ‘ಪೂರೈಸು’ ಒಗ್ಗದು, ಅದಕ್ಕೆ ಒದಗಿಸು ಎಂಬರ್ಥವೇ ಬಲವಾಗಿದೆ. ‘ಬಿಟ್ಟ ಸ್ಥಳ ತುಂಬಿರಿ’ ಎಂದು ಶಾಲೆಯಿಂದಲೇ ಬಲ್ಲ ‘ತುಂಬು’ ಸಾಕೆನಿಸುತ್ತದೆ.

ಒಂದೇ ಅಳುಕು: ಛಂದಸ್ಸಿನ ಸಲುವಾಗಿ ಸೇರಿಸಿದ, ತನ್ನದೇ ಅರ್ಥವಿಲ್ಲದ ಪದವನ್ನು ಪಾದಪೂರಣವೆನ್ನುತ್ತಾರೆ. ಆ ಛಾಯೆ ‘ಪದಪೂರಣ’ಕ್ಕೂ ಅಂಟಿಕೊಳ್ಳುವುದೇ? ಇದಕ್ಕಿಂತ ಹಗುರವಾದ ಅಚ್ಚಗನ್ನಡದ ನಾಮಪದವೇನಾದರೂ ನಿಮ್ಮ ಬಳಕೆಯಲ್ಲಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.