ಅಪ್‌ಡೇಟ್: ಉಳಿಯುವ ಜಾಗ ಕೊನೆಗೂ ಹೀಗೆ ಸಿಕ್ಕಿತು

6 ವಾರ ಒಬ್ಬಳೇ ವಿದೇಶಕ್ಕೆ ಸ್ವಯಂಸೇವೆಗೆ ಹೋಗುವಾಗ ಹಾಸ್ಟೆಲ್ ಒಳ್ಳೆಯದಾ, ಹೋಮ್‌ಸ್ಟೇ ಒಳ್ಳೆಯದಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಈಗ ವಾಪಸ್ ಬಂದಿದ್ದೇನೆ. ಪೂರ್ತಿ ದಿನಗಳಿಗೆ ಮೊದಲೇ ಬುಕ್ ಮಾಡಬೇಡಿ ಅಂದಿದ್ದಿರಿ. ಆ ಮಾತೇ ನನ್ನನ್ನು ಕಾಪಾಡಿತು.

ಮೊದಲ 4 ರಾತ್ರಿ ಹಾಸ್ಟೆಲ್‌ನಲ್ಲಿ, ಹೆಂಗಸರ ಡಾರ್ಮ್‌ನಲ್ಲಿ (ಹಲವರು ಒಟ್ಟಿಗೆ ಮಲಗುವ ರೂಮ್) ಇದ್ದೆ. ಲಾಕರ್‌ಗೆ ಬೀಗ ಹಲವು ಕಡೆ ನಾವೇ ಒಯ್ಯಬೇಕು, ನೆನಪಿರಲಿ. ಆದರೆ ಕೆಲಸದ ಜಾಗಕ್ಕೆ ಎರಡು ಬಸ್ ಹಿಡಿಯಬೇಕಿತ್ತು. ಹಾಸ್ಟೆಲ್ ಬಾಡಿಗೆ ಕಡಿಮೆ ಅಂತ ಉಳಿದ ದುಡ್ಡು ಬಸ್ ಟಿಕೆಟ್‌ಗೇ ಹೋಗುತ್ತಿತ್ತು. ಹಾಗಾಗಿ ನಡೆದು ಹೋಗುವಷ್ಟು ಹತ್ತಿರ ಒಂದು ಮನೆಯಲ್ಲಿ ರೂಮ್ ನೋಡಿದೆ. ಕತ್ತಲಾದ ಮೇಲೆ ಆ ದಾರಿಯಲ್ಲಿ ಜೊತೆಗೆ ಕೆಲಸ ಮಾಡುವವರೊಂದಿಗೆ ಒಮ್ಮೆ ನಡೆದು ನೋಡಿ, ಆಮೇಲೆ ವಾರದ ಬಾಡಿಗೆ ಮಾತಾಡಿದೆ. ಸಂಜೆ ಸುಸ್ತಾಗಿ ಬಂದಾಗ ಮಾತಾಡಿಸುವವರು ಇದ್ದರು. ಅದಕ್ಕಿಂತ ಜಾಸ್ತಿ ಏನು ಬೇಕು, ಅಲ್ವಾ?

ಹೋಗುವವರು ವೀಸಾ ನಿಯಮ ನೋಡಿಕೊಳ್ಳಿ. ಸಂಬಳವಿಲ್ಲದ ಕೆಲಸಕ್ಕೂ ಕೆಲವು ದೇಶಗಳಲ್ಲಿ ಟೂರಿಸ್ಟ್ ವೀಸಾ ನಡೆಯುವುದಿಲ್ಲ.