ತೂಕ ಇಳಿಸಲು ಭೇದಿ ಮಾತ್ರೆ: ತಗೊಂಡವರು ಯಾರಾದರೂ ಇದ್ದೀರಾ?

ಕೇಳಿದ್ದು, ತೀರ್ಥಹಳ್ಳಿಯಿಂದ: ತಮ್ಮನಿಗೆ 19 ವರ್ಷ. ಊರ ತಂಡದಲ್ಲಿ ಕಬಡ್ಡಿ ಆಡುತ್ತಾನೆ. ಮುಂದಿನ ಭಾನುವಾರ 60 ಕೆ.ಜಿ. ವಿಭಾಗದ ಹೊನಲು ಬೆಳಕಿನ ಪಂದ್ಯ. ಇವನು 62 ಚಿಲ್ಲರೆ ಇದ್ದಾನೆ. ಹಿಂದಿನ ರಾತ್ರಿ ಭೇದಿ ಮಾತ್ರೆ ನುಂಗಿದರೆ ಆಯ್ತು, ಎಲ್ಲರೂ ಅದನ್ನೇ ಮಾಡೋದು ಅಂತ ಗೆಳೆಯರು ಹೇಳಿದ್ದಾರಂತೆ. ನಿಜವಾಗಿ ಮಾಡಿದವರಿದ್ದರೆ ಹೇಳಿ.

ಸಾಗರದ ಹಳೆ ರೈಡರ್: ಮಾಡಿದವನು ಇಲ್ಲಿದ್ದೇನೆ ಅಕ್ಕ. ನನಗಾಗ 21. 55 ಕೆ.ಜಿ. ವಿಭಾಗ, ಒಂದೂವರೆ ಕೆ.ಜಿ. ಜಾಸ್ತಿ ಇದ್ದೆ. ಮಾತ್ರೆ ನುಂಗಿ ಮಲಗಿದೆ. ಬೆಳಗಿನ ಜಾವ ನಾಲ್ಕಕ್ಕೆ ಶುರುವಾಯಿತು. ನಮ್ಮ ಮನೆ ಪಾಯಿಖಾನೆ ತೋಟದ ಅಂಚಿನಲ್ಲಿ. ಆ ಚಳಿಯಲ್ಲಿ ಟಾರ್ಚ್ ಹಿಡಿದು ಎಷ್ಟು ಸಲ ಓಡಿದೆನೋ ಲೆಕ್ಕವಿಲ್ಲ. ತೂಕ 54.8 ಬಂತು, ತಂಡದವರು ಬೆನ್ನು ತಟ್ಟಿದರು. ಖುಷಿ ಅಲ್ಲಿಗೇ ಮುಗಿಯಿತು. ನಮ್ಮ ಪಂದ್ಯ ಬಂದದ್ದು ರಾತ್ರಿ ಹನ್ನೊಂದಕ್ಕೆ. ಅಷ್ಟರೊಳಗೆ ಅನ್ನ ಸಾರು ಉಂಡೆ, ನೀರು ಕುಡಿದೆ, ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡನೇ ರೈಡ್‌ಗೆ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು. ಕಬಡ್ಡಿ ಕಬಡ್ಡಿ ಅನ್ನಲು ಬಾಯಲ್ಲಿ ಎಂಜಲೇ ಇಲ್ಲ. ಕಣ್ಣು ಕತ್ತಲೆ ಬಂದು ಅವರ ಅಂಕಣದಲ್ಲೇ ಕುಳಿತುಬಿಟ್ಟೆ. ಎದುರು ತಂಡದ ಹುಡುಗರೇ ನನ್ನನ್ನು ಎತ್ತಿ ಹೊರಗೆ ತಂದರು. ಮಾರನೇ ಸಂಜೆ ತೂಕ ನೋಡಿದರೆ ಮತ್ತೆ 56 ಚಿಲ್ಲರೆ!

ಶಿವಮೊಗ್ಗದ ನರ್ಸ್: ಆಗುವುದೇ ಹಾಗೆ. ಉಂಡದ್ದರ ಸತ್ವವನ್ನು ಹೀರಿಕೊಳ್ಳುವುದು ಸಣ್ಣ ಕರುಳು. ಭೇದಿ ಮಾತ್ರೆಯಲ್ಲಿರುವ ಬಿಸಾಕೋಡಿಲ್, ಸೋನಾಮುಖಿ ಇವೆಲ್ಲ ಕೆಲಸ ಮಾಡುವುದು ಮುಖ್ಯವಾಗಿ ದೊಡ್ಡ ಕರುಳಿನಲ್ಲಿ. ಅಷ್ಟೊತ್ತಿಗೆ ತಿಂದ ಕಡುಬು ಮೈಗೆ ಸೇರಿ ಆಗಿರುತ್ತದೆ. ಹೊರಗೆ ಹೋಗುವುದು ನೀರು, ಅದರ ಜೊತೆ ಸೋಡಿಯಂ, ಪೊಟ್ಯಾಸಿಯಂ. 1983ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದರು. ಲೀಟರ್‌ಗಟ್ಟಲೆ ಭೇದಿಯಾದರೂ ಮೈಗೆ ಸೇರುವ ಕ್ಯಾಲೊರಿ ಕಮ್ಮಿಯಾದದ್ದು ಸುಮಾರು ಶೇ. 12 ಮಾತ್ರ. ಪೊಟ್ಯಾಸಿಯಂ ತೀರಾ ಇಳಿದರೆ ಕೈಕಾಲು ಸೋಲುತ್ತದೆ, ಎದೆ ಬಡಿತವೇ ತಾಳ ತಪ್ಪುತ್ತದೆ. ಮೈತೂಕದ ಶೇ. 2ರಷ್ಟು ನೀರು ಹೋದರೂ ಆಟ ಕುಗ್ಗಬಹುದು. 60 ಕೆ.ಜಿ. ಹುಡುಗನಿಗೆ ಅದು 1.2 ಲೀಟರ್, ನಿಮ್ಮ ತಮ್ಮ ಇಳಿಸಲು ಹೊರಟಿರುವುದು ಅದಕ್ಕಿಂತ ಜಾಸ್ತಿ. ಇನ್ನೊಂದು, ಈ ಮಾತ್ರೆ ಕೆಲಸ ಶುರು ಮಾಡಲು 6ರಿಂದ 12 ಗಂಟೆ ಬೇಕು. ತೂಕ ಹಾಕುವುದು ಎಷ್ಟೊತ್ತಿಗೆ, ಆಟ ಎಷ್ಟೊತ್ತಿಗೆ ಅಂತ ಅದಕ್ಕೇನು ಗೊತ್ತು?

ಹೊಸನಗರದಿಂದ ಒಬ್ಬಳು: ನನ್ನದು ಕಬಡ್ಡಿ ಅಲ್ಲ, ಮದುವೆ. ಸಣ್ಣಗಾಗಲು ಅಂತ ಒಂದು ಚಹಾ ಪುಡಿ ತಂದಿದ್ದೆ, ಪೊಟ್ಟಣದ ಹಿಂದೆ ಓದಿದರೆ ಸೋನಾಮುಖಿ ಎಲೆ. ಆರು ತಿಂಗಳು ಕುಡಿದೆ. ಕೊನೆಕೊನೆಗೆ ಅದಿಲ್ಲದೆ ಹೊಟ್ಟೆ ಹೋಗುತ್ತಲೇ ಇರಲಿಲ್ಲ. ಬಿಟ್ಟರೆ ಪಾದ, ಮುಖ ಊದಿಕೊಂಡು ವಾರದಲ್ಲಿ ಮೂರು ಕೆ.ಜಿ. ಏರಿತು. ಹೆದರಿ ಮತ್ತೆ ಶುರು ಮಾಡಿದೆ. ಮೈ ಉಪ್ಪು ನೀರು ಹಿಡಿದಿಟ್ಟುಕೊಳ್ಳುತ್ತಿದೆ, ಕೊಬ್ಬಲ್ಲ, ಕೆಲವು ವಾರದಲ್ಲಿ ಇಳಿಯುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೆ ಬಿಟ್ಟೆ. ಅಮ್ಮನಿಗೂ ಹೇಳದೆ ಕದ್ದು ಕುಡಿಯುತ್ತಿದ್ದೆ. ನಿಮ್ಮ ತಮ್ಮ ಕೇಳಿ ಮಾಡುತ್ತಿದ್ದಾನಲ್ಲ, ಅಷ್ಟರ ಮಟ್ಟಿಗೆ ವಾಸಿ.

ಭದ್ರಾವತಿಯ ಹಳೆ ಪೈಲ್ವಾನ: ನಮ್ಮ ಗರಡಿಯಲ್ಲೂ ಹರಳೆಣ್ಣೆ ಕುಡಿಸುತ್ತಿದ್ದರು ತಂಗಿ. ಆದರೆ ಕುಡಿದ ದಿನ ಸಾಮು ಇಲ್ಲ, ಗಂಜಿ ಕುಡಿದು ಮಲಗೋದು. ಈಗಿನ ಹುಡುಗರು ಎಣ್ಣೆ ಕಲಿತರು, ಮಲಗೋದು ಕಲಿಯಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಜಾಸ್ತಿಯಾಗಿ ಹೊರಬಿದ್ದದ್ದನ್ನು ನೋಡಿ, ಹೇಗಾದರೂ ಇಳಿಸಬೇಕು ಅನ್ನೋದೊಂದೇ ಇವರ ತಲೆಗೆ ಹೋಗಿದೆ. 1997ರ ಕೊನೆಯಲ್ಲಿ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಒಂದು ತಿಂಗಳ ಆಸುಪಾಸಿನಲ್ಲಿ ಮೂವರು ಹುಡುಗರು ಅವಸರದಲ್ಲಿ ತೂಕ ಇಳಿಸಲು ಹೋಗಿ ಸತ್ತರು. ಬಿಸಿ ಕೋಣೆ, ಬೆವರಿಳಿಸುವ ರಬ್ಬರ್ ಸೂಟ್, ಭೇದಿ ಮಾತ್ರೆ ಎಲ್ಲವನ್ನೂ ಆಮೇಲೆ ಅಲ್ಲಿ ನಿಷೇಧಿಸಿದರು. ಯಾರಾದರೂ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಹೇಳಿದರೆ ಅದನ್ನೂ ಮುಟ್ಟಬೇಡಿ, ಅದು ಡೋಪಿಂಗ್ ಪಟ್ಟಿಯಲ್ಲೇ ಇದೆ. ವಾರಕ್ಕೆ ಅರ್ಧ ಕೆ.ಜಿ. ಲೆಕ್ಕ ಇಟ್ಟುಕೊಂಡು ಇಳಿಸಿದರೆ ನಾಲ್ಕು ವಾರದ ಮೇಲೇ ಬೇಕು. ಈ ಭಾನುವಾರಕ್ಕೆ ಆಗೋದಲ್ಲ. 65ರ ವಿಭಾಗ ಇದ್ದರೆ ಅದರಲ್ಲಿ ಆಡಲಿ.

ಕೇಳಿದವರು: ಅವನಿಗೆ ಓದಿ ಹೇಳಿದೆ. ಮಾತ್ರೆ ಶೀಟ್ ತಂದುಕೊಟ್ಟ. ನೋಡಿದರೆ ಎರಡು ಆಗಲೇ ಖಾಲಿ. ನಿನ್ನೆ ರಾತ್ರಿ ಸುಮ್ನೆ ಟೆಸ್ಟ್ ಮಾಡಿದನಂತೆ. ಬೆಳಗ್ಗೆಯಿಂದ ಆರು ಸಲ ಹೋಗಿದ್ದಾನೆ. ಏನು ಮಾಡಲಿ?

ಶಿವಮೊಗ್ಗದ ನರ್ಸ್: ಓಆರ್‌ಎಸ್ ದೊಡ್ಡ ಪೊಟ್ಟಣ ತರಿಸಿ. ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಯಲಿ. ಹಸಿವಾದರೆ ಗಂಜಿ, ಬಾಳೆಹಣ್ಣು ಕೊಡಿ. ಇವತ್ತು ಅಭ್ಯಾಸಕ್ಕೆ ಕಳಿಸಬೇಡಿ. ಎದ್ದರೆ ತಲೆ ಸುತ್ತುವುದು, ಎದೆ ಡವಡವ ಅನ್ನುವುದು, ಮೂತ್ರ ಬರದೇ ಇರುವುದು, ಇದರಲ್ಲಿ ಒಂದು ಕಂಡರೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಆ ಶೀಟ್ ಜೊತೆಗೇ ಇರಲಿ.